ಹನ್ನೆರಡು ಫರ್ಸಿಯ ಹೊಲ

ನಮ್ಮ ಶಹಾಬಾದದಲ್ಲಿ ಸಿಮೆಂಟು ಚೀಲದೊಳಗೆ ಸಿಮೆಂಟೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಜೋಳ ಇರುತ್ತದೆ, ಕುಳ್ಳು ಇರುತ್ತದೆ, ಹರಿದ ಚಪ್ಪಲಿ ಇರುತ್ತದೆ. ನಾನು ಕಲಿಸುವ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನೂ ಅದರಲ್ಲೇ ಕಟ್ಟಿಟ್ಟಿದ್ದೇವೆ. ಸುತ್ತಮುತ್ತ ಸಿಮೆಂಟು ಫ್ಯಾಕ್ಟರಿಗಳಿರುವ ಸೀಮೆ ಇದು, ಖಾಲಿ ಚೀಲಕ್ಕೆ ಬರವಿಲ್ಲ. ಹೀಗಾಗಿ ಯಾರ ಮನೆಯ ಮೂಲೆಯಲ್ಲಿ ಅಂಥ ಚೀಲ ಕಂಡರೂ ಒಳಗೆ ನಿಜವಾಗಿಯೂ ಸಿಮೆಂಟು ಇದ್ದೀತು ಎಂದು ಯಾರಿಗೂ ಅನಿಸುವುದಿಲ್ಲ. ನಮ್ಮ ಪಕ್ಕದ ಮನೆಯ ಅಂಬಾರಾಯ ಕಾಕಾನಿಗೂ ಅನಿಸಲಿಲ್ಲ. ಬೀಗರ ಮುಂದೆ ಅವರ ಮಾನ ಹೋಗುವುದು ಗೇಣು ದೂರದಲ್ಲಿತ್ತು. ಅದಕ್ಕೆ ಅರ್ಧ ಕಾರಣ ನಾನೇ.

ಕಾಕಾ ನಲವತ್ತು ವರ್ಷ ಫರ್ಸಿ, ಅಂದರೆ ನೆಲದ ಚಪ್ಪಡಿ ಕಲ್ಲು, ಹಾಸಿದ ಮನುಷ್ಯ. ಖಣಿಯಲ್ಲಿ ಕಲ್ಲು ಸೀಳುವುದರಿಂದ ಹಿಡಿದು ಜನರ ಮನೆಯಲ್ಲಿ ನೆಲ ಕೂಡಿಸುವವರೆಗೆ ಎಲ್ಲ ಬಲ್ಲವರು. ವಾಡಿ, ಚಿತ್ತಾಪುರ, ಸೇಡಂ ಕಡೆ ಯಾವ ಮನೆಗೆ ಹೋದರೂ ಅವರು ಮೊದಲು ನೋಡುವುದು ನೆಲವನ್ನು, ಆಮೇಲೆ ಮನೆಯವರ ಮುಖವನ್ನು. ಅವರ ಅಪ್ಪನೂ ಖಣಿಯವರೇ. ಮನೆತನಕ್ಕೆ ಒಂದು ಗುಂಟೆ ಹೊಲ ಎಂದೂ ಇರಲಿಲ್ಲ, ಅದರ ಕೊರಗೂ ಇರಲಿಲ್ಲ. ಕೊರಗು ಶುರುವಾದದ್ದು ಮಗಳು ಭಾಗ್ಯಜ್ಯೋತಿಯನ್ನು ತೆಂಗಳಿಗೆ ಕೊಟ್ಟ ಮೇಲೆ.

ಹೋದ ವರ್ಷದ ಎಳ್ಳ ಅಮಾಸಿಗೆ ಬೀಗರು ಕರೆದರು. ನಮ್ಮ ಕಡೆ ಅದು ದೊಡ್ಡ ಹಬ್ಬ. ಸಜ್ಜಿ ರೊಟ್ಟಿ, ಕಡಬು, ಹತ್ತೆಂಟು ತರದ ಸೊಪ್ಪು ಕಾಳು ಕೂಡಿಸಿ ಕುದಿಸಿದ ಭಜ್ಜಿ, ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಬೆಳೆಯ ಸುತ್ತ ಅನ್ನದ ಚರಗ ಚೆಲ್ಲಿ, ಆಮೇಲೆ ಅಲ್ಲೇ ಊಟ. ಬೀಗರು ರೇವಣಪ್ಪನವರು ಇಪ್ಪತ್ತು ಎಕರೆಯ ಗೌಡಿಕೆಯವರು. ನಮ್ಮ ಕಾಕಾ ಹೊಸ ಧೋತರ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ನೆಟ್ಟಗೆ ಜೋಳದ ಬೆಳೆಯೊಳಗೇ ನಡೆದುಬಿಟ್ಟರು. ಅವತ್ತು ಯಾರೂ ಬೆಳೆಯೊಳಗೆ ಚಪ್ಪಲಿ ಮೆಟ್ಟುವುದಿಲ್ಲ.

"ಬೀಗ್ರ, ಚಪ್ಪಲ ದಂಡ್ಯಾಗ ಬಿಡ್ರಿ," ಎಂದರಂತೆ ರೇವಣಪ್ಪನವರು, ಐವತ್ತು ಮಂದಿಯ ಎದುರು. "ಕಲ್ಲಿನ್ಯಾಗ ಬಾಳೇವು ಮಾಡ್ದವ್ರಿಗಿ ಮಣ್ಣಿನ ರೀತಿ ಹ್ಯಾಂಗ ಗೊತ್ತಿರಬೇಕು!"

ಎಲ್ಲರೂ ನಕ್ಕರು. ರೊಟ್ಟಿ ಬಡಿಸುತ್ತಿದ್ದ ಭಾಗ್ಯಜ್ಯೋತಿ ತಲೆ ತಗ್ಗಿಸಿದಳು. ಮಗಳ ತಗ್ಗಿದ ತಲೆ ನೋಡಿ ಕಾಕಾನ ಬಾಯಿಂದ ಒಂದು ಮಾತು ಹಾರಿತು.

"ಯಾಕ್ರಿ? ನಮ್ದೂ ಹೊಲ ಅದ. ಮುಂದಿನ ಅಮಾಸಿಗಿ ಚರಗಕ್ಕ ನೀವು ನಮ್ಮಲ್ಲಿ ಬರ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ಅವರ ಹೆಂಡತಿ ಹಣಮಮ್ಮ ಕಾಕು ಶಹಾಬಾದ ಬರುವತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ಮನೆಯ ಬಾಗಿಲು ತೆಗೆದ ಮೇಲೆ ಕೇಳಿದ್ದು ಒಂದೇ ಮಾತು: "ಎಲ್ಲಿ ಅದರಿ ನಮ್ಮ ಹೊಲ?" ಅವತ್ತಿನಿಂದ ಕಾಕಾನಿಗೆ ಸರಿಯಾಗಿ ನಿದ್ದೆಯಿಲ್ಲ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮಂಚ ಕಿರುಗುಟ್ಟುವುದು ನನಗೂ ಕೇಳಿಸುತ್ತಿತ್ತು.

ಫೋನು ಮಾಡಿ ನಿಜ ಹೇಳಿಬಿಡಿ, ಬೀಗರೇನು ಹುಲಿಯೇ ಎಂದು ನಾನು ಎಷ್ಟೋ ಸಲ ಹೇಳಿದೆ. ಕೇಳಲಿಲ್ಲ. ದಸರೆ ಮುಗಿದ ಮರುದಿನ ಬೆಳಿಗ್ಗೆ ಗೋಡೆಯಾಚೆ ಖಣಖಣ ಸದ್ದು. ಇಣುಕಿ ನೋಡಿದರೆ ಕಾಕಾ ಹಾರೆ ಹಿಡಿದು ತಮ್ಮ ಅಂಗಳದ ಫರ್ಸಿ ಎಬ್ಬಿಸುತ್ತಿದ್ದಾರೆ! ಅದು ಭಾಗ್ಯಜ್ಯೋತಿಯ ತೊಟ್ಟಿಲ ಕಾರ್ಯಕ್ಕೆಂದು ಅವರೇ ಹಾಸಿದ ನೆಲ. ಬಟ್ಟೆ ಒಗೆಯುವ ಜಾಗ, ಮೆಣಸಿನಕಾಯಿ ಒಣಗಿಸುವ ಜಾಗ ಹೋಯಿತೆಂದು ಕಾಕು ಸೊಂಟದ ಮೇಲೆ ಕೈಯಿಟ್ಟು ಬೈಯುತ್ತಿದ್ದರು. ಹನ್ನೆರಡು ಫರ್ಸಿ ಎಬ್ಬಿಸಿದ ಮೇಲೆ ಹಾರೆ ಕೆಳಗಿಟ್ಟರು. ಅದಕ್ಕಿಂತ ಹೆಚ್ಚು ತೆಗೆದರೆ ಮಲಗಲು ಕಾಕು ಮನೆಯೊಳಗೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಮೊಳಕಾಲುದ್ದ ಕಲ್ಲು ಗರಸು ತೆಗೆದು, ಟೆಂಪೋದಲ್ಲಿ ಎರೆಮಣ್ಣು ತರಿಸಿ ತುಂಬಿದರು. ಎಬ್ಬಿಸಿದ ಫರ್ಸಿಗಳನ್ನು ಎಸೆಯದೆ ಉತ್ತರದ ಬದಿಗೆ ಸಾಲಾಗಿ ನಿಲ್ಲಿಸಿದರು. ನಾನು ಅದು ಬರೀ ಗೋಡೆ ಅಂದುಕೊಂಡಿದ್ದೆ. "ಅಲ್ಲವ್ವ," ಎಂದರು. "ಚಳಿಗಾಲದಾಗ ಗಾಳಿ ಇಲ್ಲಿಂದನೇ ಬರ್ತದ. ಕಲ್ಲ ಅದನ್ನ ತಡೀತದ. ಮ್ಯಾಲ ಹಗಲೆಲ್ಲಾ ಬಿಸಿಲ ಕುಡದು ರಾತ್ರಿ ಬೆಚ್ಚಗ ಇಡ್ತದ. ಖಣ್ಯಾಗ ನಾವು ಹಿಂಗೇ ಫರ್ಸಿಗಿ ಬೆನ್ನ ಕೊಟ್ಟ ಮಲಗತಿದ್ವಿ."

ಮೆಂತ್ಯ, ಪಾಲಕ, ಸಬ್ಬಸಗಿ ಹಾಕಿದರು. ಅಂಚಿಗೆ ಕಡಲೆ, ನಡುವೆ ನಾಲ್ಕು ಬದನೆ, ಫರ್ಸಿಯ ಬದಿಗೆ ಅವರೆ ಬಳ್ಳಿ. ಹೊಲವೆಂದ ಮೇಲೆ ಜೋಳ ಇರಲೇಬೇಕಲ್ಲ, ಇಪ್ಪತ್ತೊಂದು ಜೋಳದ ಗಿಡ. ಕೊತ್ತಂಬರಿಗೂ ಒಂದು ಮೂಲೆ ಕೊಟ್ಟರು. ನಾನು ದಿನಾ ಶಾಲೆಗೆ ಹೋಗುವಾಗ ಗೋಡೆಯ ಮೇಲಿಂದ "ಏನ್ ಗೌಡ್ರ, ಹೊಲದ ಕಡೆ ಹೊಂಟಿರೇನು?" ಎಂದು ಕಾಡುತ್ತಿದ್ದೆ. ಅವರು ತಲೆಯೆತ್ತದೆ ಕಳೆ ಕೀಳುತ್ತಿದ್ದರು. ಆದರೆ ಬೆಳೆ ಬಂತು ನೋಡಿ, ಹೊಟ್ಟೆಕಿಚ್ಚಾಗುವ ಹಾಗೆ ಬಂತು.

ಕಾರ್ತಿಕ ಮುಗಿಯುವಷ್ಟರಲ್ಲಿ ರೇವಣಪ್ಪನವರ ಫೋನು ಬಂತು. ಕ್ರೂಸರ್ ಗಾಡಿ ಮಾಡಿಕೊಂಡು ಹನ್ನೆರಡು ಮಂದಿ ಬರುತ್ತೇವೆ, ಹೊಲ ಎಷ್ಟು ಎಕರೆಯೆಂದು ನೀವು ಹೇಳಲೇ ಇಲ್ಲ ಎಂದು ಕೇಳಿದರಂತೆ. "ಬಂದ ನೋಡ್ರಿ," ಎಂದು ಫೋನಿಟ್ಟು ಕಾಕಾ ಎರಡು ಚೊಂಬು ನೀರು ಕುಡಿದರು. ಭಾಗ್ಯಜ್ಯೋತಿಗೆ ಮಾತ್ರ ಅಂಗಳದ ವಿಷಯ ಗೊತ್ತಿತ್ತು. ಅಲ್ಲಿ ಬಾಯಿ ಬಿಡಲಾರದೆ, ಇಲ್ಲಿ ಅಪ್ಪನನ್ನು ತಡೆಯಲಾರದೆ ಅವಳು ನನಗೆ ಫೋನು ಮಾಡಿ ಅತ್ತಳು. "ಈ ಸಲಾನೂ ಎಲ್ಲರೂ ನಗ್ತಾರ ಅತ್ತಿ. ನಂಗ ಅಲ್ಲಿ ಜೀವನ ಪೂರ್ತಿ ಅದೇ ಮಾತ ಕೇಳೋದಾಗ್ತದ." ನನಗೆ ಕಾಕಾನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪವೂ ಅನಿಸಿತು.

ಅಷ್ಟರಲ್ಲಿ ಚಳಿ ಶುರುವಾಯಿತು. ಬೇಸಿಗೆಯಲ್ಲಿ ನಮ್ಮನ್ನು ರೊಟ್ಟಿಯ ಹಾಗೆ ಬೇಯಿಸುವ ಊರು ಇದು, ಚಳಿಯಲ್ಲೂ ಕರುಣೆ ತೋರುವುದಿಲ್ಲ. ಬೆಳಿಗ್ಗೆ ಏಳರವರೆಗೆ ಮಂಜು. ಬೆಳೆ ನಿಂತಲ್ಲೇ ನಿಂತಿತು. ಅಮಾಸಿಗೆ ಎಂಟು ದಿನ ಇರುವಾಗ ಅವರೆಯ ಕುಡಿಗೆ ಕರಿ ಹೇನು ಹತ್ತಿತು, ಬದನೆಗೂ ಹಬ್ಬತೊಡಗಿತು. ಇಬ್ಬನಿ ಆರುವ ಮೊದಲು ಒಲೆಯ ಬೂದಿ ಉದುರಿಸಿದರೆ ಎಲೆಗೆ ಅಂಟಿಕೊಂಡು ಹೇನು ಸಾಯುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಮದ್ದು. ಸ್ಟೇಷನ್ ಹತ್ತಿರ ಕಟ್ಟಿಗೆ ಒಲೆಯ ಮೇಲೆ ಚಹಾ ಕಾಸುವ ಸಿರಾಜುದ್ದೀನ ಒಂದು ಚೀಲ ಬೂದಿ ಕೊಟ್ಟ. ಯಾವ ಚೀಲ ಎಂದು ಬೇರೆ ಹೇಳಬೇಕೇ? ಕಾಕಾ ಅದನ್ನು ತಂದು ಮೆಟ್ಟಿಲ ಕೆಳಗೆ ಇಟ್ಟರು.

ಅದೇ ಮೆಟ್ಟಿಲ ಕೆಳಗೆ ಎರಡು ದಿನದ ಹಿಂದೆ ನಾನು ನನ್ನ ಚೀಲ ಇಟ್ಟಿದ್ದೆ. ನಮ್ಮ ಬಚ್ಚಲುಮನೆ ರಿಪೇರಿಯಲ್ಲಿ ಅರ್ಧ ಚೀಲ ಸಿಮೆಂಟು ಉಳಿದಿತ್ತು. ನಮ್ಮಲ್ಲಿ ತೇವ, ಅವರಲ್ಲಿ ಒಣ ಜಾಗ. ಕಾಕಾ ಮನೆಯಲ್ಲಿರಲಿಲ್ಲ, ಕಾಕುವಿಗೆ ಹೇಳಿ ಇಟ್ಟು ಬಂದೆ. ಕಾಕು ಗಂಡನಿಗೆ ಹೇಳುವುದನ್ನು ಮರೆತರು.

ಮರುದಿನ ಬೆಳಿಗ್ಗೆ ಆರೂವರೆಗೆ ನಾನು ತಲೆ ಬಾಚಿಕೊಳ್ಳುತ್ತ ಗೋಡೆಯ ಹತ್ತಿರ ಬಂದೆ. ಮಂಜಿನೊಳಗೆ ಕಾಕಾ ಮುಖಕ್ಕೆ ಮಫ್ಲರ್ ಸುತ್ತಿ, ಚಳಿಗೆ ಕೈಗಳಿಗೆ ಕಾಲಚೀಲ ಹಾಕಿಕೊಂಡು, ತೆಳು ಬಟ್ಟೆಯ ಗಂಟನ್ನು ಗಿಡಗಳ ಮೇಲೆ ಝಾಡಿಸುತ್ತಿದ್ದರು. ಇನ್ನೇನು ಮುಗಿಯುವುದರಲ್ಲಿತ್ತು, ಜೋಳದ ಸಾಲಷ್ಟೇ ಬಾಕಿ. ಬೂದಿಯ ಬಣ್ಣ ಯಾಕೋ ಹಸಿರು ಹಸಿರಾಗಿ ಕಂಡಿತು. ಮೆಟ್ಟಿಲ ಕಡೆ ನೋಡಿದೆ. ಸಿರಾಜುದ್ದೀನನ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇದೆ. ನೀಲಿ ಹಗ್ಗದ ನನ್ನ ಚೀಲದ ಬಾಯಿ ತೆರೆದಿದೆ.

"ಕಾಕಾ! ಅದು ಬೂದಿ ಅಲ್ಲ! ನನ್ನ ಸಿಮೆಂಟು!"

ಕಾಕಾ ಕೈಯ ಕಾಲಚೀಲ ಕಿತ್ತೆಸೆದರು. ಒಂದು ಮೆಂತ್ಯದ ಎಲೆಯನ್ನು ಎರಡು ಬೆರಳ ನಡುವೆ ತಿಕ್ಕಿದರು. ನಲವತ್ತು ವರ್ಷ ಅದನ್ನೇ ಕಲಸಿದ ಕೈ, ಎರಡನೆಯ ಸಲ ತಿಕ್ಕುವ ಅಗತ್ಯ ಬೀಳಲಿಲ್ಲ. ಅವರ ಮುಖ ನೋಡಲಾಗಲಿಲ್ಲ ನನಗೆ. ಎಲೆಗಳ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ಸಿಮೆಂಟು. ಇನ್ನು ಏಳು ದಿನಕ್ಕೆ ಹನ್ನೆರಡು ಮಂದಿ ಬರುತ್ತಾರೆ, ಇಲ್ಲಿ ನಿಂತಿರುವುದು ಕಲ್ಲಿನ ಪಲ್ಯ.

ಸದ್ದಿಗೆ ಹೊರಗೆ ಬಂದ ಕಾಕು ಒಂದೇ ಏಟಿಗೆ ನೀರಿನ ಕೊಡ ಎತ್ತಿದರು.

"ನೀರ ಬ್ಯಾಡ!" ಕಾಕಾ ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ಒಂದ ಕೊಡ ಸುರದ್ರ ಗಟ್ಟಿ ಹಿಡಿತದ. ಬೆಲ್ಲ ತಾ. ಮನ್ಯಾಗ ಇದ್ದಷ್ಟು ಬೆಲ್ಲ ತಾ!"

"ಬೆಲ್ಲನಾ? ತಲಿ ನೆಟ್ಟಗ ಅದನ ನಿಮ್ದು?"

"ತಾ ಅಂದ್ರ ತಾ! ಸೇಡಮದಾಗ ಸ್ಲ್ಯಾಬ್ ಹಾಕಾಗ ಮಾಲ ಕಲಸೋ ಮಷೀನು ಕೆಟ್ಟು ನಿಂತಿತ್ತು. ಒಳಗಿನ ಮಾಲು ಕಲ್ಲಾಗಬಾರದಂತ ಮೇಸ್ತ್ರಿ ಬೆಲ್ಲದ ನೀರ ಹಾಕ್ಸಿದ್ದ. ಬೆಲ್ಲ ಬಿದ್ರ ಸಿಮೆಂಟ ಹಿಡಿಯಲ್ಲ."

ಕಡಬಿಗೆಂದು ತೆಗೆದಿಟ್ಟ ಎರಡು ಕಿಲೋ ಬೆಲ್ಲ ಬಂತು. ನಾನು ನಮ್ಮ ಡಬ್ಬಿಯಲ್ಲಿದ್ದುದನ್ನೂ ಗೋಡೆಯ ಮೇಲಿಂದ ದಾಟಿಸಿದೆ. ಸೀರೆಯ ಸೆರಗು ಕಟ್ಟಿಕೊಂಡು ನಾನೇ ಗೋಡೆ ಹತ್ತಿ ಇಳಿದೆ, ನಲವತ್ತಾರರ ವಯಸ್ಸಿನಲ್ಲಿ! ಮೊದಲು ಒಣ ಪುಡಿಯನ್ನು ಹಳೆಯ ಧೋತರದ ಚೂರಿನಿಂದ ಮೆಲ್ಲಗೆ ಝಾಡಿಸಬೇಕು. ಆಮೇಲೆ ಬೆಲ್ಲದ ನೀರು ಚಿಮುಕಿಸಬೇಕು. ಅದು ಎಲೆಗೆಲ್ಲ ಹತ್ತಿದ ಮೇಲೆ ಬರೀ ನೀರು, ಬಕೆಟ್ಟುಗಟ್ಟಲೆ. ಮೂರೂ ಮಂದಿ ಮಂಡಿಯೂರಿ ಒಂದೊಂದು ಎಲೆಯನ್ನೂ ಕೂಸಿನ ಮುಖ ತೊಳೆದ ಹಾಗೆ ತೊಳೆದೆವು. ಬಿಸಿಲು ಬಂದರೆ ಏನು ಗತಿ ಎಂದು ನಾನು ಪೂರ್ವದ ಕಡೆ ನೋಡುತ್ತಲೇ ಇದ್ದೆ.

"ಹೆದರಬ್ಯಾಡ ಉಮಾ," ಎಂದರು ಕಾಕಾ. "ಚಳ್ಯಾಗ ಸಿಮೆಂಟ ಜಲ್ದಿ ಗಟ್ಟಿ ಆಗಲ್ಲ. ಎಂಟ ದಿನದಿಂದ ಈ ಚಳಿಗಿ ಬೈಯಾಕತ್ತಿದ್ದೆ. ಇವತ್ತ ಅದೇ ನಮ್ಮ ಕೈ ಹಿಡದದ."

ಮಂಜು ಅವತ್ತು ಎಂಟೂವರೆವರೆಗೆ ಸರಿಯಲಿಲ್ಲ. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಕಾರಣ ಏನೆಂದು ಬರೆಯಲಿ? ಹೊಟ್ಟೆನೋವು ಎಂದು ಬರೆದೆ, ಅದೇನೂ ಪೂರ್ತಿ ಸುಳ್ಳಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಚೀಲ ಅಲ್ಲಿ ಇರದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಅಂದೆ. ಕಾಕು ಸಿಡಿದರು: "ನೀ ಯಾಕ ಅಳ್ತಿ? ಕೈಗಿ ಕಾಲಚೀಲ ಹಾಕ್ಕೊಂಡ ಒಕ್ಕಲತನ ಮಾಡೋರ್ನ ನೋಡಿ ಅಳು!" ಕಾಕಾ ಮೊದಲು ನಕ್ಕರು, ಆಮೇಲೆ ನಾವೂ ನಕ್ಕೆವು.

ಆದರೆ ಗಂಡಾಂತರ ಮುಗಿದಿರಲಿಲ್ಲ. ಮರುದಿನ ಮೆಂತ್ಯದ ಅಂಚು ಸುಟ್ಟ ಹಾಗೆ ಹಳದಿಯಾಯಿತು. ಕೊತ್ತಂಬರಿ ಪೂರ್ತಿ ಹೋಯಿತು. ಬೆಲ್ಲದ ವಾಸನೆಗೆ ಓಣಿಯ ಇರುವೆಯೆಲ್ಲ ಅಲ್ಲಿಗೇ ಬಂದು ಸೇರಿತು. ಅವಕ್ಕೂ ಅಮಾಸಿಯ ಆಮಂತ್ರಣ ಹೋಗಿದೆಯೇ ಎಂದು ನಾನು ಕೇಳಿದಾಗ ಕಾಕಾ ನಗಲಿಲ್ಲ. ದಿನಕ್ಕೆರಡು ಸಲ ನೀರು ಹಾಕಿ ಬುಡ ತೊಳೆಯುತ್ತಿದ್ದರು, ಸಂಜೆ ಗೋಣಿತಟ್ಟು ಹೊದಿಸುತ್ತಿದ್ದರು. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ನಾನು ಶಾಲೆಗೆ ಹೊರಟಾಗ ಗೋಡೆಯಾಚೆಯಿಂದ ಕರೆದರು. ಅವರೆಯ ಬಳ್ಳಿಯ ತುದಿಯಲ್ಲಿ ಹೊಸ ಕುಡಿ, ಅದರ ಕೆಳಗೆ ಬಿಳಿ ಹೂವು. ಹೇನು ಒಂದೂ ಇಲ್ಲ. ಹೋದ ಜೀವ ಬಂದಂತಾಯಿತು. ನಾನು ಹೂವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಮಾಸಿಯ ದಿನ ಹನ್ನೊಂದಕ್ಕೆ ಕ್ರೂಸರ್ ಓಣಿಯ ಬಾಯಲ್ಲಿ ನಿಂತಿತು. ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಪಾಂಡವರಿಗೇನು ಕೊರತೆ, ಫರ್ಸಿಯ ಚೂರು ಬೇಕಾದಷ್ಟಿದ್ದವು. ನಯವಾದ ಐದನ್ನು ಆರಿಸಿ ಕಾಕಾ ಸುಣ್ಣ ಹಚ್ಚಿ ಜೋಳದ ಬುಡಕ್ಕೆ ಕೂಡಿಸಿದ್ದರು. ಆದರೆ ಅವರು ನಿಂತ ರೀತಿ ನೋಡಿದರೆ ಪರೀಕ್ಷೆಗೆ ಬಂದ ನಮ್ಮ ನಾಲ್ಕನೆಯ ಇಯತ್ತೆಯ ಮಕ್ಕಳ ನೆನಪಾಗುತ್ತಿತ್ತು.

ರೇವಣಪ್ಪನವರು ಮುಂದೆ, ಹಿಂದೆ ಅವರ ಹೆಂಡತಿ ಭಾಗಮ್ಮ, ಮಗ, ಅಣ್ಣತಮ್ಮಂದಿರು, ಎಲ್ಲರ ಹಿಂದೆ ಸೆರಗು ಬಿಗಿಹಿಡಿದ ಭಾಗ್ಯಜ್ಯೋತಿ. ಗೇಟಿನ ತನಕ ಬಂದು ರೇವಣಪ್ಪನವರು ನಿಂತರು. "ಇಲ್ಲಿಂದ ಹೊಲ ಎಷ್ಟ ದೂರ ಬೀಗ್ರ?"

ಕಾಕಾ ಅಂಗಳದ ಕಡೆ ತಿರುಗಿದರು. ಬೆರಳು ತೋರಿಸಿದರು. "ಇದೇರಿ. ಇಷ್ಟೇ ಅದ. ಹ್ವಾದ ವರ್ಷ ಸಿಟ್ಟಿನ್ಯಾಗ ಮಾತ ಆಡಿದ್ದೆ. ಸುಳ್ಳ ಆಗಬಾರದಂತ ಅಂಗಳದ ಫರ್ಸಿ ಎಬ್ಬಿಸೀನಿ."

ಹಿಂದಿನಿಂದ ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ಭಾಗ್ಯಜ್ಯೋತಿಯ ತಲೆ ಮತ್ತೆ ತಗ್ಗತೊಡಗಿತು. ರೇವಣಪ್ಪನವರು ಹೂಬಿಟ್ಟ ಅವರೆಯನ್ನು ನೋಡಿದರು, ಎದೆಯೆತ್ತರದ ಇಪ್ಪತ್ತೊಂದು ಜೋಳವನ್ನು ನೋಡಿದರು, ಸಾಲಾಗಿ ನಿಂತ ಫರ್ಸಿಗಳನ್ನು ನೋಡಿದರು. ಆಮೇಲೆ ಗೇಟಿನ ಹೊರಗೇ ಬಾಗಿ, ಒಂದು ಕೈಯಿಂದ ಗೋಡೆ ಹಿಡಿದು ಚಪ್ಪಲಿ ಬಿಚ್ಚಿದರು. ಹಿಂದೆ ತಿರುಗಿ ಹೇಳಿದರು:

"ಎಲ್ಲರೂ ಚಪ್ಪಲ ಹೊರಗ ಬಿಡ್ರಿ. ಹೊಲಕ್ಕ ಬಂದೀವಿ."

ನಾನು ನಮ್ಮ ಮನೆಯ ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಅಳು ಬಂದಾಗ ನನ್ನ ಮೂಗು ಕೆಂಪಾಗುತ್ತದೆ, ಬೀಗರ ಮುಂದೆ ಚಂದ ಕಾಣುವುದಿಲ್ಲ.

ಚರಗಕ್ಕೆ ಒಬ್ಬರು ಅದರ ಕೂಗು ಹಾಕುತ್ತ ಮುಂದೆ ಅನ್ನ ಚೆಲ್ಲುತ್ತ ಹೋಗಬೇಕು, ಇನ್ನೊಬ್ಬರು ಹಿಂದೆ ನೀರು ಚಿಮುಕಿಸಬೇಕು. ಕಾಕಾ ಮುಂದೆ ಹೋದರು. ನೀರಿನ ಚೊಂಬನ್ನು ರೇವಣಪ್ಪನವರೇ ಹಿಡಿದರು. ಕೂಗು ಪೂರ್ತಿಯಾಗುವ ಮೊದಲೇ ಹೊಲ ಮುಗಿದಿತ್ತು, ಅದಕ್ಕೆ ಮೂರು ಸುತ್ತು ಹಾಕಿದರು. ಊಟಕ್ಕೆ ಅಂಗಳದ ಉಳಿದ ಫರ್ಸಿಯ ಮೇಲೆ ಪಂಕ್ತಿ. ಕಡಬು ಇರಲಿಲ್ಲ. ಬೆಲ್ಲ ಏನಾಯಿತೆಂದು ಭಾಗಮ್ಮ ಕೇಳಿದಾಗ ಕಾಕು ನನ್ನ ಮುಖ ನೋಡಿದರು, ನಾನು ಕಾಕಾನ ಮುಖ ನೋಡಿದೆ.

ಅದೇ ಹೊತ್ತಿಗೆ ರೇವಣಪ್ಪನವರು ಬದನೆ ಗಿಡದ ಕವಲಿನಿಂದ ಏನೋ ಬಿಡಿಸಿದರು. ಕಾಳಿನಷ್ಟು ಬೂದು ಹೆಪ್ಪು, ನಾವು ತೊಳೆಯದೆ ಬಿಟ್ಟದ್ದು. "ಇದೇನ್ರಿ ಬೀಗ್ರ, ಗಿಡಕ್ಕ ಕಲ್ಲ ಬಿಟ್ಟದ?"

ಕಾಕಾ ಎಲ್ಲ ಹೇಳಿದರು. ಚೀಲ, ಕಾಲಚೀಲ, ಕಾಕುವಿನ ಕೊಡ, ಬೆಲ್ಲ, ಯಾವುದನ್ನೂ ಮುಚ್ಚಲಿಲ್ಲ. ಚೀಲ ಯಾರದೆಂಬುದನ್ನು ಮಾತ್ರ ನುಂಗಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಚೀಲ ನಂದ್ರಿ," ಎಂದೆ. ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಈ ಸಲ ಎಲ್ಲರಿಗಿಂತ ಜೋರಾಗಿ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ಹಾಗೆ ನಕ್ಕವಳು ಭಾಗ್ಯಜ್ಯೋತಿ.

ರೇವಣಪ್ಪನವರು ನಗು ನಿಂತ ಮೇಲೂ ಆ ಹೆಪ್ಪನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದರು. "ನಾ ಆಗಿದ್ರ ನೀರೇ ಸುರೀತಿದ್ದೆ," ಎಂದರು. "ಇಷ್ಟೂ ಬೆಳಿ ಕಲ್ಲಾಗಿ ಹೋಗ್ತಿತ್ತು." ಸಾಲಾಗಿ ನಿಂತ ಫರ್ಸಿಗಳ ಕಡೆ ನೋಡಿ ಮತ್ತೆ ಹೇಳಿದರು: "ನಮ್ಮ ಹಿತ್ತಲದಾಗ ಟೊಮ್ಯಾಟಿ ವರ್ಷಾ ಚಳಿಗಿ ಹೋಗ್ತದ ಬೀಗ್ರ. ಒಂದ ದಿನ ಬಂದು ಹಿಂಗ ನಾಕ ಫರ್ಸಿ ನಿಲ್ಸಿಕೊಡ್ರಿ. ನಮಗ ತಿಳಿಯಂಗಿಲ್ಲ."

"ಬರ್ತೀನ್ರಿ," ಎಂದರು ಕಾಕಾ. ಹಾಗೆಂದವರೇ ಬೀಗರಿಗೆ ಇನ್ನೊಂದು ರೊಟ್ಟಿ ಬಡಿಸಲು ಎದ್ದರು.

ಮೂರಕ್ಕೆ ಗಾಡಿ ಹೊರಟಿತು. ಕಿಟಕಿಯಿಂದ ಭಾಗ್ಯಜ್ಯೋತಿ ತಿರುವು ದಾಟುವವರೆಗೂ ಕೈ ಬೀಸುತ್ತಿದ್ದಳು. ಕಾಕಾ ಒಳಗೆ ಬಂದು ಮಣ್ಣಿನ ಅಂಚಿನಲ್ಲಿ ಕೂತು, ಹಗಲೆಲ್ಲ ಬಿಸಿಲು ಕುಡಿದ ಫರ್ಸಿಗೆ ಬೆನ್ನು ಕೊಟ್ಟರು.

"ಉಮಾ, ಇವತ್ತ ನಿದ್ದಿ ಬರ್ತದ ನೋಡು," ಎಂದರು.

ಬರುತ್ತದೆ ಕಾಕಾ ಎಂದು ನಾನು ತಿರುಗಿ ನೋಡುವಷ್ಟರಲ್ಲಿ ಅವರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.